ಊತ ಇಳಿಸುವ ಕಷಾಯ

ಕೆಂಚಪ್ಪ ತೀರಿಕೊಂಡ ಭಾವನ ಕೊರಳಿಗೆ ಹಾಕಿದ ಹಾರವನ್ನು ರುದ್ರಾಣಿ ಕಿತ್ತು ಬೀದಿಗೆಸೆದಳು. ಚಾಮರಾಜಪೇಟೆಯ ಆ ಮನೆಯಲ್ಲಿ ಅಳುತ್ತಿದ್ದವರೂ ಅಳು ನಿಲ್ಲಿಸಿದರು. ಗೋಡೆಗೆ ಒರಗಿಸಿ ಕೂರಿಸಿದ್ದ ಶಿವರುದ್ರಪ್ಪನವರ ಹಣೆ ತುಂಬ ವಿಭೂತಿ. ಹೆಂಡತಿ ತನ್ನ ತಮ್ಮನ ಮೇಲೆ ಕೆಂಡ ಕಾರುತ್ತಿದ್ದರೂ ಅವರದು ಎಂದಿನ ಮೌನವೇ.

"ನಿಮ್ಮ ಭಾವ ಲಂಚ ತಿಂದ್ರು ಅಂತ ಚಿಕ್ಕಪೇಟೆ ತುಂಬ ಡಂಗುರ ಹೊಡ್ದೆ. ಅದು ಸುಳ್ಳು ಅಂತ ಇವರೆಲ್ಲರ ಮುಂದೆ ಹೇಳು. ಹೇಳೋವರ್ಗೂ ಅವರನ್ನ ಮುಟ್ಬೇಡ."

"ಹೆಣದ ಮುಂದೆ ಪಂಚಾಯ್ತಿ ಬೇಕೇನಕ್ಕ?"

"ಬೇಕು ಕಣೋ. ನಿನ್ನ ಮಾತಿಂದ ಇವರು ಮದ್ವೆಗೆ ಕರೆದ್ರೆ ಹೋಗಿ, ಪಂಕ್ತೀಲಿ ಪಕ್ಕ ಯಾರೂ ಇಲ್ದೆ ಒಬ್ರೇ ಉಂಡು ಬರ್ತಿದ್ರು. ಒಬ್ಬರ ಹತ್ರನೂ ಸಮಜಾಯಿಷಿ ಕೊಡ್ಲಿಲ್ಲ."

ಕೆಂಚಪ್ಪನಿಗೆ ಮೈ ಉರಿಯಿತು. ಅಜ್ಜನ ಕಾಲದಿಂದ ತಮ್ಮ ಅಂಗಡಿಯಲ್ಲಿ ಮಾರುತ್ತಿದ್ದ ಊತದ ಕಷಾಯದ ಹೆಸರು ಕೆಡಿಸಿದ ಮನುಷ್ಯ, ಸತ್ತ ಮಾತ್ರಕ್ಕೆ ಒಳ್ಳೆಯವನಾಗಿಬಿಡುತ್ತಾನೆಯೇ?

*

ಆರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಕಷಾಯಕ್ಕೆ ವಿಜ್ಞಾನದ ಮುದ್ರೆ ಬೇಕೆಂದು ಕೆಂಚಪ್ಪನೇ ಭಾವ ಕೆಲಸ ಮಾಡುತ್ತಿದ್ದ ಮಲ್ಲೇಶ್ವರದ ಲ್ಯಾಬಿಗೆ ಹೋಗಿದ್ದ. ಅಲ್ಲಿ ಸಣ್ಣ ಬಿಳಿ ಇಲಿಗಳಿಗೆ ಊತ ಬರಿಸಿ, ಅರ್ಧಕ್ಕೆ ಕಷಾಯ, ಅರ್ಧಕ್ಕೆ ಬರೀ ನೀರು ಕುಡಿಸಿದ್ದರು. ಅವುಗಳ ರಕ್ತದ ತಿಳಿಯನ್ನು ಪ್ಲೇಟಿನ ಪುಟ್ಟ ಗುಳಿಗಳಿಗೆ ಹಾಕಿ, ತೊಳೆದು, ಕೊನೆಯ ದ್ರಾವಣ ಬಿಟ್ಟಾಗ ನೀಲಿ ಏರತೊಡಗಿತು.

"ಊತ ಎಬ್ಬಿಸೋ ಸೈಟೊಕೈನ್ ರಕ್ತದಲ್ಲಿ ಜಾಸ್ತಿ ಇದ್ರೆ ಬಣ್ಣಾನೂ ಗಾಢ," ಎಂದರು ಭಾವ. "ಆಸಿಡ್ ಹಾಕಿದ್ರೆ ಹಳದಿಯಾಗಿ, ಬಣ್ಣ ಏರೋದು ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಅಳೀತೀವಿ."

ಕಷಾಯದ ಗುಳಿಗಳಲ್ಲೂ ನೀರಿನವುಗಳಲ್ಲೂ ಒಂದೇ ಸಮ ನೀಲಿ. ವ್ಯಾಪಾರಿಯ ತಲೆ ಓಡಿತು.

"ಭಾವ, ಕಷಾಯದ ಗುಳಿಗಳಿಗೆ ಈಗ್ಲೇ ಆಸಿಡ್ ಹಾಕ್ಬಿಡಿ. ನೀರಿನವು ಇನ್ನಷ್ಟು ಬಣ್ಣ ಏರ್ಲಿ. ಯಾರಿಗ್ ಗೊತ್ತಾಗುತ್ತೆ?"

"ಎಲ್ಲದಕ್ಕೂ ಒಂದೇ ಹೊತ್ತು ಕಣೋ. ನೀನು ಹೊರಗಿರು," ಎಂದು ಭಾವ ಬಾಗಿಲು ಹಾಕಿಕೊಂಡರು. ಕಷಾಯದಿಂದ ಏನೂ ಇಳಿದಿಲ್ಲ ಎಂದು ವರದಿ ಕೊಟ್ಟರು.

"ಮನುಷ್ಯರ ಮಂಡಿನೋವು ಇಲಿಗೇನ್ ಗೊತ್ತು?" ಎಂದು ಕೆಂಚಪ್ಪ ಅಂಗಡಿಯಲ್ಲಿ ಕೂತು ಗೇಲಿ ಮಾಡಿದ. ಗೇಲಿ ಸಾಲದಾದಾಗ ಭಾವ ಮಾತ್ರೆ ಕಂಪನಿಯಿಂದ ಲಂಚ ತಿಂದು ವರದಿ ಬರೆದರೆಂದು ಕತೆ ಕಟ್ಟಿದ. ಹೇಳಿ ಹೇಳಿ ಅದನ್ನು ತಾನೇ ನಂಬಿದ.

*

ಕ್ರಿಯೆ ಮಾಡಿಸಲು ಜಂಗಮ ಅಯ್ಯನವರು ಬಂದರು. ಸತ್ತವರ ನೆತ್ತಿಗೆ ಜಂಗಮರ ಪಾದ ಮುಟ್ಟಿದ ಮೇಲೆಯೇ ದೇಹ ಎತ್ತುವುದು. ಮುದಿ ರೇವಣಸಿದ್ದಯ್ಯನವರಿಗೆ ಕಾಲೇ ಮೇಲೆ ಬರಲಿಲ್ಲ. ಇಬ್ಬರು ತೋಳಿಗೆ ಆಸರೆ ಕೊಟ್ಟರೂ ಆಗಲಿಲ್ಲ.

"ಕೆಂಚಪ್ಪ, ನೀನೇ ಬಂದು ಎತ್ತಪ್ಪ," ಎಂದರು ಅಕ್ಕರೆಯಿಂದ. "ಎಷ್ಟೋ ವರ್ಷದಿಂದ ಈ ಕಾಲಿನ ಊತಕ್ಕೆ ನಿನ್ನ ಕಷಾಯನೇ. ಒಂದು ದಿನ ತಪ್ಪಿಸಿಲ್ಲ."

ಯಾರೋ ಕೆಮ್ಮಿದರು. ಅಯ್ಯನವರ ಮಾತು ಮೀರುವಂತಿಲ್ಲ. ಕೆಂಚಪ್ಪ ಅಕ್ಕನ ಮುಖ ನೋಡಿದ.

"ಅವರನ್ನ ಮುಟ್ಬೇಡ," ಎಂದಳು ರುದ್ರಾಣಿ. "ಅಯ್ಯನವರ ಕಾಲು ಹಿಡ್ಕೋ. ಎಲ್ಲರಿಗೂ ಕಾಣೋ ಹಾಗೆ ಹಿಡ್ಕೋ."

ಊದಿ ಹೊಳೆಯುತ್ತಿದ್ದ ಆ ಪಾದವನ್ನು ಅವನು ಎರಡೂ ಕೈಯಲ್ಲಿ ಎತ್ತಿ ಭಾವನ ನೆತ್ತಿಗೆ ಮುಟ್ಟಿಸಿದ. ಮಂತ್ರ ಮುಗಿಯುವವರೆಗೆ ಹಾಗೇ ಹಿಡಿದಿದ್ದ. ನೆಲಕ್ಕಿಳಿಸಿ ಕೈ ತೆಗೆದಾಗ ಕಣಕಾಲಿನ ಮೇಲೆ ಅವನ ಹೆಬ್ಬೆರಳುಗಳು ಒತ್ತಿದ ಕಡೆ ಎರಡು ತಗ್ಗು ಬಿದ್ದಿದ್ದವು. ನೆರೆದವರ ಕಣ್ಣೆಲ್ಲ ಅಲ್ಲೇ.

"ಈಗ ಹೇಳು," ಎಂದಳು ರುದ್ರಾಣಿ.

ಕೆಂಚಪ್ಪ ಆ ಕಾಲನ್ನೇ ನೋಡುತ್ತಿದ್ದ. ತಗ್ಗುಗಳು ಇನ್ನೂ ತುಂಬಿರಲಿಲ್ಲ.