ಮರಿಯಯ್ಯನ ಟವಲು

ಕ್ಯಾತನಹಳ್ಳಿಯ ಪುಟ್ಟತಾಯಮ್ಮನ ಮನೆಗೆ ಬಣ್ಣ ಹೊಡೆಯಲು ಬಂದ ಮರಿಯಯ್ಯ, ಬಾಗಿಲ ಹಳೇ ಹಸಿರು ಬಣ್ಣವನ್ನು ಉಗುರಿನಲ್ಲಿ ಕೆರೆದು ನೋಡಿ ಕೈ ಒರೆಸಿಕೊಂಡ. ಅವಳ ಮಾವನ ಕಾಲದ ಬಣ್ಣ, ಒಂದರ ಮೇಲೊಂದು ಐದು ಪದರ. ಒಳಗೆ ಏಳು ತಿಂಗಳ ಬಸುರಿ ಮಗಳು ತನುಶ್ರೀ ಹೆರಿಗೆಗೆಂದು ಬಂದು ಕೂತಿದ್ದಳು.

"ಅವ್ವಾ, ಮಗಳ್ನ ಎಲ್ಗಾದ್ರೂ ಕಳ್ಸು. ಇದ್ರಲ್ಲಿ ಸೀಸ ಇರ್ತದೆ. ಕೆರುದ್ರೆ ಧೂಳು ಮನೆಲೆಲ್ಲಾ ಕೂರ್ತದೆ. ವಟ್ಟೇಲಿರೋ ಮಗೀಗೆ ಒಳ್ಳೇದಲ್ಲ."

ಪುಟ್ಟತಾಯಮ್ಮನಿಗೆ ರೇಗಿಹೋಯಿತು. ಬಾಣಂತನಕ್ಕೆ ಮುಂಚೆ ಮನೆ ಚೊಕ್ಕವಾಗಲಿ ಎಂದು ಕರೆಸಿದರೆ, ಈ ಯಪ್ಪ ಮಗಳನ್ನೇ ಆಚೆ ಹಾಕು ಅನ್ನುತ್ತಾನಲ್ಲ! "ಎರಿಗೆಗೆ ಕರ್ಕಬಂದ ಮಗಳ್ನ ವಾಪಸ್ ಕಳ್ಸಿದ್ರೆ ಬೀಗರು ಏನಂದಾರು? ಮೂವತ್ತು ವರ್ಸದಿಂದ ಕೆರೀತಿದ್ದೀಯಲ್ಲ, ನಿಂಗೇನಾಗದೆ? ಗುಂಡ್ಕಲ್ಲಂಗೆ ಇದ್ದೀಯ."

"ನಂಗೇನೂ ಆಗ್ಲಿಲ್ಲ ಕಣವ್ವ." ಮರಿಯಯ್ಯ ಹೆಗಲ ಟವಲು ತೆಗೆದು ಕೈಗೆ ಸುತ್ತಿಕೊಂಡ.

"ಮೊಮ್ಮಗಳು ರಂಜಿತ ಕೂಸಾಗಿದ್ದಾಗ ನನ್ ಟವಲಿನ ತುದಿ ಚೀಪ್ತಾ ಮಲಗೋಳು. ಕೆಲಸ್ದಿಂದ ಬಂದೇಟ್ಗೆ ಕಿತ್ಕೊಳ್ಳೋಳು. ನಮ್ಗೆಲ್ಲಾ ಎಂಥಾ ಖುಸಿ! ಎರಡ್ ವರ್ಸ ಕಳುದ್ರೂ ಮಾತು ಬರ್ಲಿಲ್ಲ. ಯಾವಾಗ್ಲೂ ವಟ್ಟೆನೋವು. ಮೈಸೂರ್ನಲ್ಲಿ ರಕ್ತ ನೋಡಿ, ಸೀಸ ತುಂಬ್ಕಂಡದೆ ಅಂದ್ರು. ಮನೇಲಿ ಬಣ್ಣದ ಕೆಲಸದೋನು ನಾನೊಬ್ನೇ. ನಾನೇ ಉಣ್ಸುಬುಟ್ಟಿದ್ದೆ ಕಣವ್ವ, ನನ್ ಕೈಯಾರೆ."

ಪುಟ್ಟತಾಯಮ್ಮ ಬೆಳಗೊಳದ ತಂಗಿಗೆ ಫೋನು ಮಾಡಿದಳು. ಚಿಕ್ಕಮ್ಮನ ಮನೆಯೂ ತವರೇ ತಾನೇ, ಬೀಗರು ಏನಾದರೂ ಅಂದುಕೊಳ್ಳಲಿ! ಮಧ್ಯಾಹ್ನವೇ ತನುಶ್ರೀ ಆಟೋ ಹತ್ತಿದಳು.

ಮರುದಿನ ಮರಿಯಯ್ಯ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮಾಸ್ಕು ಕಟ್ಟಿ, ನೀರು ಚಿಮುಕಿಸಿ ಚಿಮುಕಿಸಿ ಕೆರೆದ. ಪುಟ್ಟತಾಯಮ್ಮ ಪೊರಕೆ, ಮೊರ ಹಿಡಿದು ಬಂದಳು. ಮನೆಯ ಕಸವನ್ನೆಲ್ಲ ತಿಪ್ಪೆಗೆ ಹಾಕುವುದು ಅವಳ ರೂಢಿ.

"ಪೊರಕೆ ಮುಟ್ಬ್ಯಾಡ ಕಣವ್ವ, ಒದ್ದೆ ಬಟ್ಟೇಲಿ ಒರ್ಸಾನ. ತಿಪ್ಪೆಗೋದ್ರೆ ನಾಳೆ ಗೊಬ್ರದ ಜೊತೆ ಗದ್ದೆಗೋಯ್ತದೆ," ಎಂದು ಅವನು ಚಕ್ಕೆಯನ್ನೆಲ್ಲ ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಬಿಗಿಯಾಗಿ ಕಟ್ಟಿಟ್ಟ.

ಸಂಜೆ ಪುಟ್ಟತಾಯಮ್ಮನ ಹಿತ್ತಿಲಲ್ಲೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಟವಲನ್ನು ಅಲ್ಲೇ ಬಿಟ್ಟು ಮನೆಗೆ ಹೋದ. ಈಗ ಏಳು ವರ್ಷದ ರಂಜಿತ ಜಗುಲಿಯ ಮೇಲಿದ್ದಳು. ಮಾತು ಬಂದಿತ್ತು, ಆದರೆ ಇನ್ನೂ ತಡವರಿಸುತ್ತಿದ್ದಳು. ತಾತನನ್ನು ಕಂಡರೂ ಓಡಿ ಬರಲಿಲ್ಲ. ಬರಬೇಡವೆಂದು ಕಲಿಸಿದವನು ಅವನೇ.

"ತಾತ... ನೀರು... ಉಯ್ಕಂಡ್ಯಾ?"

"ಉಯ್ಕಂಡೆ ಕಣವ್ವ." ಬಗ್ಗಿ ಒದ್ದೆ ತಲೆ ತೋರಿಸಿದ.

ಅವಳು ಕೂದಲು ಮುಟ್ಟಿ ನೋಡಿದಳು. ಆಮೇಲೆ ಅವನ ತೊಡೆಯೇರಿ ಕೂತಳು.