ತಲೆಕೆಳಗಾದ ಎಪ್ಪತ್ತೈದು ಸಾವಿರ ವರ್ಷ

ಉಗ್ರಾಣದ ಮಾವನಿಗೆ ಇದ್ದದ್ದು ಒಂದೇ ಜಂಬ, ಅದೂ ಕೆಸರಿನದು. ಆಳಕಡಲಿನ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಕದಡದಂತೆ ಕೆಸರು ಎತ್ತಿ, ಕೊಳವೆ ಸಮೇತ ಒಂದೂವರೆ ಮೀಟರಿನ ತುಂಡು ಮಾಡಿ, ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ ಮುಚ್ಚಳ ಹಾಕಿ ತಣ್ಣನೆಯ ಕೋಣೆಯಲ್ಲಿ ಜೋಡಿಸಿಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಇದೇ. "ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ಹುಟ್ಟಬಹುದು, ನನ್ನ ಮುಚ್ಚಳ ಅದಲುಬದಲಾಗಲ್ಲ" ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಕೇಳಿ ಕೇಳಿ ಹೆಂಡತಿಗೆ ಕಿವಿ ತೂತಾಗಿತ್ತು.

ಅವರಿದ್ದ ಕಡಲ ಸಂಶೋಧನಾ ಸಂಸ್ಥೆಯಲ್ಲೇ ಅವರ ತಂಗಿಯ ಮಗಳು ಸಂಶೋಧಕಿ. ಕೆಲಸ ತಾತ್ಕಾಲಿಕ. ನಾಳೆ ನಿರ್ದೇಶಕರ ಮುಂದೆ ಅವಳ ಉಪನ್ಯಾಸ. ಗೆದ್ದರೆ ಕೆಲಸ ಖಾಯಂ, ಸೋತರೆ ಮನೆಗೆ. ಇವತ್ತು ಮಧ್ಯಾಹ್ನ ಏರಿಳಿತದ ಗೆರೆಯ ನಕ್ಷೆ ಹಿಡಿದು ಉಗ್ರಾಣಕ್ಕೆ ಓಡಿಬಂದಳು.

"ಮಾವ, ನಂಗೆ ಲಾಟರಿ ಹೊಡೀತು!"

ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳಿರುತ್ತವೆ. ಅವನ್ನು ಪರೀಕ್ಷಿಸಿದರೆ ಆ ಕಾಲದಲ್ಲಿ ಭೂಮಿಯ ಮೇಲೆ ಹಿಮ ಎಷ್ಟಿತ್ತೆಂದು ತಿಳಿಯುತ್ತದೆ. ಹಿಮಯುಗ ಮೊದಲು ನಲವತ್ತು ಸಾವಿರ ವರ್ಷಕ್ಕೊಮ್ಮೆ ಬಂದುಹೋಗುತ್ತಿತ್ತು. ಆಮೇಲೆ ಅದಕ್ಕೇನು ಸೋಮಾರಿತನ ಬಂತೋ, ಲಕ್ಷ ವರ್ಷಕ್ಕೊಮ್ಮೆ ಬರತೊಡಗಿತು. ಆ ಬದಲಾವಣೆ ಹೇಗಾಯಿತೆಂಬುದೇ ಅವಳ ವಿಷಯ.

"ಹಿಮ ನಿಧಾನಕ್ಕೆ ಕಟ್ಟಿ ದಿಢೀರಂತ ಕರಗುತ್ತೆ ಅಲ್ವಾ? ಏಳನೇ ತುಂಡಿನ ಕೊಳವೇಲಿ ಮಾತ್ರ ಉಲ್ಟಾ! ದಿಢೀರಂತ ಕಟ್ಟಿ ನಿಧಾನಕ್ಕೆ ಕರಗಿದೆ. ಎಪ್ಪತ್ತೈದು ಸಾವಿರ ವರ್ಷ ಭೂಮಿಗೇ ತಲೆ ಕೆಟ್ಟಿದೆ ಮಾವ! ಇದನ್ನ ಯಾರೂ ಕಂಡಿಲ್ಲ!"

ಆ 'ಉಲ್ಟಾ' ಮಾವನಿಗೆ ಚುಚ್ಚಿತು. ಅವಳು ಅತ್ತ ಹೋದದ್ದೇ ತಡ, ಏಳನೇ ಕೊಳವೆ ಎಳೆದು ನೋಡಿದರು. ನಡುವೆ ಬೆರಳಗಲದ ಮರಳಿನ ಪದರ. ಮರಳು ನೀರಿನಲ್ಲಿ ಇಳಿಯುವಾಗ ದಪ್ಪ ಕಾಳು ಮೊದಲು ತಳ ಸೇರಬೇಕು, ನುಣುಪು ಅದರ ಮೇಲೆ ಕೂರಬೇಕು. ಇಲ್ಲಿ ದಪ್ಪ ಕಾಳು ನೀಲಿ ಮುಚ್ಚಳದ ಕಡೆಗಿತ್ತು.

ಅಯ್ಯೋ ದೇವರೇ! ಈ ಕೆಸರು ಎತ್ತಿದ ದಿನ ಹಡಗಿನಲ್ಲಿ ಅವರು ಹೊಸಬರನ್ನು ಸುತ್ತ ನಿಲ್ಲಿಸಿಕೊಂಡು, ತಪ್ಪಿಲ್ಲದೆ ಮುಚ್ಚಳ ಹಾಕುವುದು ಹೇಗೆಂದು ಪಾಠ ಹೇಳುತ್ತಿದ್ದರು. ಹೇಳುತ್ತಲೇ ಹಾಕಿದ್ದು ಇದು.

ಬಾಯಿಬಿಟ್ಟರೆ ಮೂವತ್ತೊಂದು ವರ್ಷದ ಮರ್ಯಾದೆ ಮಣ್ಣುಪಾಲು. ಸುಮ್ಮನಿದ್ದರೆ ನಾಳೆ ಯಾರಾದರೂ ಈ ಮರಳನ್ನು ನೋಡುತ್ತಾರೆ, ತುಂಬಿದ ಸಭೆಯಲ್ಲಿ ಹುಡುಗಿ ನಗೆಪಾಟಲಾಗುತ್ತಾಳೆ, ಅವಳ ಅನ್ನಕ್ಕೆ ತಾವೇ ಕಲ್ಲು ಹಾಕಿದಂತೆ. ಮೂರು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ವಾಪಸಾದರು. ನಾಲ್ಕನೇ ಸಲ ಒಳಗೆ ಹೋದರು.

"ಪುಟ್ಟಿ, ಆ ನಕ್ಷೇನ ಒಂದ್ಸಲ ತಿರುಗಿಸಿ ನೋಡು."

"ಯಾಕೆ?"

"ಸುಮ್ನೆ. ಚೆನ್ನಾಗಿ ಕಾಣಬಹುದು."

"ಗೋಡೆಗೆ ಹಾಕೋ ಚಿತ್ರ ಅಲ್ಲ ಮಾವ ಇದು."

"ಅಲ್ಲ, ಕೊಳವೆ ಏನಾದ್ರೂ ಉಲ್ಟಾ..."

"ಮುಚ್ಚಳ ಹಾಕಿದ್ದು ನೀನು ತಾನೇ? ಮತ್ತೆ ಉಲ್ಟಾ ಹೇಗಾಗುತ್ತೆ?"

ಅವಳ ನಂಬಿಕೆ ಕಂಡು ಮಾವನಿಗೆ ಕಣ್ಣು ತುಂಬಿ ಬಂತು. "ನಾನೇ ಕಣೇ, ತಪ್ಪು ಹಾಕಿದ್ದು."

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಬಾಯಿಗೆ ಬಂದಂತೆ ಬೈದಳು, ಅತ್ತಳು, ಮೂಗು ಒರೆಸಿಕೊಂಡು ಅಂಕಿಗಳನ್ನು ತಿರುಗಿಸಿದಳು. ಮೇಲಿನ ಆರನೇ ತುಂಡಿನ ಕೊನೆ, ಕೆಳಗಿನ ಎಂಟನೆಯದರ ಮೊದಲು, ಎಲ್ಲ ಕಚ್ಚಿಕೊಂಡು ಕೂತವು. ಹಿಮಯುಗಗಳ ನಡುವಿನ ಅಂತರ ಮೆಲ್ಲಗೆ ಹಿಗ್ಗುತ್ತ ಹೋದದ್ದು ಸ್ಪಷ್ಟವಾಗಿ ಕಂಡಿತು. ಲಾಟರಿ ಮಾತ್ರ ಮಾಯವಾಗಿತ್ತು.

ಮರುದಿನ ಸಭೆಯಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿರ್ದೇಶಕರು ಹುಬ್ಬು ಗಂಟಿಕ್ಕಿದರು. "ಕೊಳವೆ ತಲೆಕೆಳಗಾಗಿದ್ದು ಯಾರ ತಪ್ಪಮ್ಮ?"

"ನಂದೇ ಸರ್. ನಾನು ಮೊದಲೇ ನೋಡ್ಕೋಬೇಕಿತ್ತು."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. "ಸುಳ್ಳು ಹೇಳ್ತಿದಾಳೆ ಸರ್, ನನ್ನನ್ನ ಉಳಿಸೋಕೆ. ತಪ್ಪು ನಂದು. ಮರಳು ನೋಡಿ ಗೊತ್ತಾಯ್ತು." ಮಾವ ಎದ್ದು ನಿಂತಿದ್ದರು.

ನಿರ್ದೇಶಕರು ಕನ್ನಡಕ ತೆಗೆದರು. "ಉಗ್ರಾಣದಲ್ಲಿರೋ ಮಿಕ್ಕ ಮೂರು ಸಾವಿರಕ್ಕೆ ಮುಚ್ಚಳ ಹಾಕಿದ್ದು?"

"ನಾನೇ ಸರ್."

ನಿರ್ದೇಶಕರಿಗೆ ಹೆಸರು, ಹಾರ, ಆ ಕುರ್ಚಿ, ಎಲ್ಲ ತಂದುಕೊಟ್ಟದ್ದು ಇಪ್ಪತ್ತು ವರ್ಷದ ಹಿಂದಿನ ಒಂದೇ ಒಂದು ಕೆಸರಿನ ತುಂಡು. ಅವರ ಮುಖ ಬಿಳಿಚಿಕೊಂಡಿತು.

"ಇನ್ನೂರ ಹನ್ನೆರಡನೇ ತುಂಡಿಗೆ?"

"ಅದೂ ನಾನೇ ಸರ್."

ನಿರ್ದೇಶಕರು ನೀರು ಕುಡಿದು ಹುಡುಗಿಯತ್ತ ತಿರುಗಿದರು. "ನಿನ್ನ ಕೆಲಸ ಖಾಯಂ. ನೀನೂ ನಿಮ್ಮ ಮಾವನೂ ಸೇರಿ ಮೂರು ಸಾವಿರಾನೂ ಪರೀಕ್ಷೆ ಮಾಡಿ." ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ಮೊದಲು ಇನ್ನೂರ ಹನ್ನೆರಡು. ಬಾಗಿಲು ಹಾಕ್ಕೊಂಡು ನೋಡಿ."