ಕಿರುಬೆರಳಿನ ಫ್ಲಾಪಿ

ಕುರ್ಚಿ ಬಿಟ್ಟು ಬಾಗಿಲ ಬಳಿಯ ಸ್ಟೂಲಿಗೆ ಹೋಗಿ ಕೂಡು ಎಂದು ನನಗೆ ಹೇಳುವುದಕ್ಕೆ ಮಾರ್ತಾಂಡರಾಯರು ಪೇಡೆ ತರಿಸಿದ್ದರು. ಕಹಿ ಸುದ್ದಿ ಹೇಳುವಾಗ ಎದುರಿನವರ ಬಾಯಿಗೆ ಏನಾದರೂ ತುರುಕುವುದು ಅವರ ಹಳೆಯ ಚಾಳಿ. ನಾನು ಪೆದ್ದಿ, ಮೊದಲು ಪೇಡೆ ತಿಂದೆ, ಆಮೇಲೆ ಸುದ್ದಿ ಕೇಳಿದೆ. ಆ ಪೇಡೆಗಾಗಿ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಇದು ೧೯೮೯ರ ಮಾತು. ಗದಗಿನ ಸ್ಟೇಷನ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮಾರ್ತಾಂಡರಾಯರ ಕಂಪ್ಯೂಟರ್ ಕ್ಲಾಸು ಇತ್ತು. ಮೊದಲು ಅದು ಟೈಪಿಂಗ್ ಕ್ಲಾಸು. ಹಳೆಯ ಟೈಪ್‌ರೈಟರುಗಳನ್ನೆಲ್ಲ ಮೂಲೆಗೆ ಸರಿಸಿ ಮೂರು ಕಂಪ್ಯೂಟರ್ ತಂದಿಟ್ಟಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಹುಡುಗ ಹುಡುಗಿಯರು ಬಸ್ಸು ಹಿಡಿದು ಬರುತ್ತಿದ್ದರು. ಅವರಿಗೆಲ್ಲ ಕಲಿಸುತ್ತಿದ್ದವಳು ನಾನು, ಬೆಟಗೇರಿಯ ಅಖ್ತರಿ. ವಯಸ್ಸು ಇಪ್ಪತ್ತಮೂರು, ನಿಮಿಷಕ್ಕೆ ನಲವತ್ತೆಂಟು ಶಬ್ದ. ಮಾರ್ತಾಂಡರಾಯರು ಎರಡೂ ಕೈ ಹಚ್ಚಿ ಹೊಡೆದರೂ ಮೂವತ್ತೈದು ದಾಟುತ್ತಿರಲಿಲ್ಲ.

ಎರಡೂ ಕೈ ಎಂದು ಯಾಕೆ ಹೇಳಿದೆನೆಂದರೆ, ನನಗಿರುವುದು ಒಂದೇ. ಎಡಗೈ ಹುಟ್ಟಿನಿಂದಲೇ ಮೊಣಕೈಗೆ ಮುಗಿದಿದೆ. ನಮ್ಮವ್ವ ಮೋತಿಬಿ ಗ್ರಹಣ ಹಿಡಿದಾಗ ಅಡಿಕೆ ಕತ್ತರಿಸಿದಳು, ಅದಕ್ಕೇ ಹೀಗಾಯಿತು ಎಂದು ಓಣಿಯ ಹೆಂಗಸರು ಬಹಳ ವರ್ಷ ಆಡಿಕೊಂಡರು. ಅವ್ವ ಒಮ್ಮೆ ನಲ್ಲಿಯ ಸಾಲಿನಲ್ಲಿ ನಿಂತು, "ಅವತ್ತ ನಾ ಅಡಿಕಿ ಕತ್ತರಿಸೋ ಬದಲಿ ನಿಮ್ಮ ನಾಲಿಗಿ ಕತ್ತರಿಸಬೇಕಾಗಿತ್ತು" ಅಂದಳು. ಅಲ್ಲಿಂದ ಆ ಮಾತು ನಿಂತಿತು. ನಾನು ಆಕೆಯ ಮಗಳು.

ಒಂದು ಕೈಯಿಂದ ಅಕ್ಷರ ಒತ್ತುವುದು ದೊಡ್ಡ ಕಷ್ಟವಲ್ಲ. ಕಷ್ಟವಿದ್ದದ್ದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದರಲ್ಲಿ. ನಮ್ಮ ಟೈಪಿಂಗ್ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಕಂಟ್ರೋಲ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಇನ್ನೊಂದು ಅಕ್ಷರ ಒತ್ತಬೇಕು. ಆ ಕಂಟ್ರೋಲ್ ಇದ್ದದ್ದು ಒಂದೇ, ಅದೂ ಎಡಗಡೆಯ ತುದಿಯಲ್ಲಿ. ಅಲ್ಲಿ ಹೆಬ್ಬೆರಳಿಟ್ಟು ಗೇಣು ಚಾಚಿದರೆ ನನಗೆ ಕೆ ಅಕ್ಷರ ಎಟುಕುತ್ತದೆ, ಪಿ ಎಟುಕುವುದಿಲ್ಲ. ಎಷ್ಟು ಚಾಚಿದರೂ ಎಟುಕುವುದಿಲ್ಲ, ಬೇಕಾದಷ್ಟು ಸಲ ನೋಡಿದ್ದೇನೆ.

ಇದನ್ನು ನೋಡಿದ ಪಾಲಿಟೆಕ್ನಿಕ್ಕಿನ ಸಕ್ರಪ್ಪ ಮಾಸ್ತರರು ಎರಡು ತಿಂಗಳು ನನ್ನ ಪಕ್ಕ ಕೂತು ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟರು. ಕಂಟ್ರೋಲ್ ಒತ್ತಿ ಬಿಟ್ಟುಬಿಡಬೇಕು. ಮುಂದಿನ ಅಕ್ಷರ ಒತ್ತುವವರೆಗೂ ಪ್ರೋಗ್ರಾಂ ಅದನ್ನು ತಾನೇ ಹಿಡಿದುಕೊಂಡಿರುತ್ತದೆ. ಎಡಗೈಯ ಕಿರುಬೆರಳು ಮಾಡುವ ಕೆಲಸ ಅದು. ಹಾಗಾಗಿ ನಾನು ಅದಕ್ಕೆ 'ಕಿರು' ಎಂದು ಹೆಸರಿಟ್ಟೆ. ಮಾಸ್ತರರಿಗೆ ಆಮೇಲೆ ಬೀದರಿಗೆ ವರ್ಗವಾಯಿತು, ಬರೆದಿಟ್ಟಿದ್ದ ಹಾಳೆಗಳು ಸಾಮಾನು ಸಾಗಿಸುವಾಗ ಕಳೆದವು. ಉಳಿದದ್ದು ನನ್ನ ಫ್ಲಾಪಿಯಲ್ಲಿದ್ದ ಕಿರು ಒಂದೇ.

ಆಗಿನ ನಮ್ಮ ಯಂತ್ರಗಳು ತಮ್ಮಷ್ಟಕ್ಕೆ ತಾವು ಏಳುತ್ತಿರಲಿಲ್ಲ. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ ಡಾಸ್, ಕರಿ ಹೊದಿಕೆಯ ಚೌಕ ಫ್ಲಾಪಿಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಆ ಫ್ಲಾಪಿ ತೂರಿಸಿದರೆ ಯಂತ್ರ ಎಚ್ಚರಾಗುತ್ತಿತ್ತು, ಇಲ್ಲವಾದರೆ ಬರಿ ಡಬ್ಬಿ. ನನ್ನ ಫ್ಲಾಪಿಯಲ್ಲಿ ಡಾಸ್, ಕಿರು, ಟೈಪಿಂಗ್ ಪ್ರೋಗ್ರಾಂ ಮೂರೂ ಇದ್ದವು. ಹೀಗೆ ಒಂದೂವರೆ ವರ್ಷ ಯಾರ ಹಂಗಿಲ್ಲದೆ ಕೆಲಸ ಮಾಡಿದೆ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ತಿರಕಪ್ಪ ಬಂದ. ಕಂಪ್ಯೂಟರ್ ಮಾರುವವನು, ಗದಗಿನ ಬಿಸಿಲಿನಲ್ಲೂ ಟೈ ಕಟ್ಟುವವನು. ಹೊಸ ಡಾಸ್ ಬಂದಿದೆ, ಹಳೆಯದನ್ನು ಇನ್ನು ಯಾರೂ ಮುಟ್ಟುವುದಿಲ್ಲ ಎಂದು ಮಾರ್ತಾಂಡರಾಯರ ಕಿವಿಯಲ್ಲಿ ಊದಿದ. ಫ್ಲಾಪಿ ತೂರಿಸಿ ತೋರಿಸಿದ. ನಾನು ಅದರ ಮೇಲೆ ಕಿರುವನ್ನು ಓಡಿಸಿದೆ. ಯಂತ್ರ ಇದ್ದಲ್ಲೇ ಸೆಟೆದು ನಿಂತಿತು. ಆರಿಸಿ ಹಚ್ಚಿ ಮತ್ತೆ ನೋಡಿದೆ, ಮತ್ತೆ ಅದೇ.

"ಹೊಸಾದ್ರಾಗ ನಮಗೇನ ಲಾಭ ಐತ್ರಿ?" ಎಂದು ಕೇಳಿದೆ.

"ದೊಡ್ಡ ದೊಡ್ಡ ಹಾರ್ಡ್ ಡಿಸ್ಕ್ ನಡಸ್ತೈತಿ."

"ನಮ್ಮ ಹತ್ತಿರ ಹಾರ್ಡ್ ಡಿಸ್ಕೇ ಇಲ್ಲಲ್ರಿ. ಮತ್ತ ಮೆಮರಿ?"

"ಸ್ವಲ್ಪ ಜಾಸ್ತಿ ತಿಂತೈತಿ," ಎಂದು ಟೈ ಸರಿಮಾಡಿಕೊಂಡ. "ನೋಡವಾ, ಒಂದ ಕೈಯವ್ರ ಸಲುವಾಗಿ ಯಾರೂ ಡಾಸ್ ಮಾಡಂಗಿಲ್ಲ. ದಸರಾ ಮುಗಿದ ಮ್ಯಾಲ ನಿಮ್ಮ ಹುಡುಗರ ಪರೀಕ್ಷಾ ಐತಲ್ಲ, ಅದು ಹೊಸಾ ಡಾಸಿನ ಮ್ಯಾಲನ ಆಗಬೇಕು."

ಆ ಕೊನೆಯ ಮಾತು ಮಾರ್ತಾಂಡರಾಯರನ್ನು ಹೆದರಿಸಿತು. ಹನ್ನೆರಡು ಮಂದಿ ಆ ಪರೀಕ್ಷೆಗೆ ಕೂಡುವವರಿದ್ದರು. ಮರುದಿನವೇ ಪೇಡೆ ಬಂತು.

"ನೀ ಬಾಗಲದ ಹತ್ರ ಕೂತು ಹಾಜರಿ ಹಿಡಿ, ಗಂಟಿ ಹೊಡಿ. ಕಲಸೂದು ನಾ ನೋಡ್ಕೋತೀನಿ. ಪಗಾರ ಅಷ್ಟ ಇರ್ತದವಾ," ಅಂದರು.

ಮೈಯೆಲ್ಲ ಉರಿದುಹೋಯಿತು. ಪಗಾರದ ಮಾತು ಯಾರು ಎತ್ತಿದ್ದರು? ನಾನು ಎರಡು ವರ್ಷ ಕಲಿತು ಸಂಪಾದಿಸಿದ್ದು ಮೂರನೆಯ ಯಂತ್ರದ ಮುಂದಿನ ಆ ಕುರ್ಚಿ. ಅಲ್ಲಿ ಕೂತರೆ ನಾನು ಅಖ್ತರಿ ಟೀಚರು. ಬಾಗಿಲ ಬಳಿ ಕೂತರೆ ಪಾಪದ ಹುಡುಗಿ, ದೊಡ್ಡ ಮನಸ್ಸಿನ ಸರ್ ಇಟ್ಟುಕೊಂಡಿದ್ದಾರೆ. ಬರುವವರು ಹೋಗುವವರೆಲ್ಲ ನನ್ನ ಎಡತೋಳು ನೋಡಿ ಚಪ್ಪಲಿ ಬಿಡುತ್ತಾರೆ.

ಆದರೂ ನೋಡದೇ ಬೇಡ ಅನ್ನುವವಳು ನಾನಲ್ಲ. ಮೂರು ದಿನ ಟೈಮು ಕೇಳಿಕೊಂಡು ಹೊಸ ಡಾಸಿನಲ್ಲಿ ಕೂತೆ. ಪೆನ್ನು ಬಾಯಲ್ಲಿ ಕಚ್ಚಿ ಕಂಟ್ರೋಲ್ ಒತ್ತಿದೆ. ಗದ್ದದಿಂದ ಒತ್ತಿದೆ, ಆಗ ಪರದೆ ಕಾಣಲಿಲ್ಲ. ಮೊಣಕೈ ಊರಿದರೆ ನಾಲ್ಕು ಗುಂಡಿ ಒಟ್ಟಿಗೆ ಒತ್ತಿಹೋದವು. ಮೂರನೆಯ ದಿನ ಲಕ್ಷ್ಮೇಶ್ವರದಿಂದ ಬರುತ್ತಿದ್ದ ರಮಜಾನಬಿ ಎಂಬ ಹುಡುಗಿ ಸುಮ್ಮನೆ ಬಂದು ನನ್ನ ಬದಲಿಗೆ ಕಂಟ್ರೋಲ್ ಒತ್ತಿ ಹಿಡಿದಳು. "ನಾ ಹಿಡಿತೀನ್ರಿ ಟೀಚರ್, ನೀವು ಹೊಡೀರಿ" ಅಂದಳು. ನನ್ನನ್ನು ಬೆಟಗೇರಿಯಲ್ಲಿ ಬೈದವರಿದ್ದಾರೆ, ನಕ್ಕವರಿದ್ದಾರೆ. ಯಾರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಆ ಹುಡುಗಿಯದೇನೂ ತಪ್ಪಿರಲಿಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸಿತು. "ಕೈ ತಗಿ" ಅಂದೆ. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ನೇಕಾರರ ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತ ಕೂತಿದ್ದಳು. ಡಾಸು ಎಂದರೇನೆಂದು ಕೇಳಲಿಲ್ಲ. "ಆ ಸ್ಟೂಲಿನ ಮ್ಯಾಲ ನೀ ಕುಂತಿದ್ದು ಗೊತ್ತಾತಂದ್ರ ನಾನ ಬಂದು ಸ್ಟೂಲ್ ಮುರೀತೀನಿ" ಅಂದಳು.

ಮರುದಿನ ಹೋಗಿ ಮೂರನೆಯ ಯಂತ್ರಕ್ಕೆ ನನ್ನ ಫ್ಲಾಪಿಯನ್ನೇ ತೂರಿಸಿದೆ.

"ಸರ, ನಾನು ಹಳೇದರಾಗ ಇರ್ತೀನ್ರಿ."

"ಎಲ್ಲಾ ಒಂದ ನಮೂನಿ ಇರಬೇಕು, ಅಖ್ತರಿ. ಹಟ ಮಾಡಬ್ಯಾಡ."

"ಹಟಾನ ರೀ. ಹೊಸಾದು ನನಗ ಬ್ಯಾಡ."

ಅವರು ಒಳ್ಳೆಯವರೇ, ಎಳೆದು ಎಬ್ಬಿಸುವ ಮನುಷ್ಯರಲ್ಲ. ಪರೀಕ್ಷೆಯ ದಿನಕ್ಕೆ ಮಾತ್ರ ಮೂರೂ ಯಂತ್ರಗಳಲ್ಲಿ ಹೊಸ ಡಾಸೇ ಇರತಕ್ಕದ್ದು, ಅಂದಿನಿಂದ ನಾನು ಸ್ಟೂಲಿಗೆ ಎಂದು ಕಡ್ಡಿ ಮುರಿದಂತೆ ಹೇಳಿದರು. ಅಲ್ಲಿಂದ ನಾನು ದಿನದ ಕೆಲಸ ಮುಗಿದ ಕೂಡಲೇ ಫ್ಲಾಪಿಯನ್ನು ಹೆಗಲ ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇ ಪೂಜೆ ಬಂತು. ಮಾರ್ತಾಂಡರಾಯರದು ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡುವ ಮನೆತನ. ಪೂಜೆಯಲ್ಲಿ ಅರೆಬರೆ ಅನ್ನುವುದು ಅವರಿಗೆ ಗೊತ್ತಿಲ್ಲ. ಟೈಪ್‌ರೈಟರಿನ ಕಾಲದಿಂದಲೂ ಪೂಜೆಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದವಳು ನಾನು. ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಆ ಸಲವೂ ಕಟ್ಟಿಕೊಟ್ಟೆ. ಅವರು ದೊಡ್ಡ ಹರಿವಾಣದಲ್ಲಿ ಕ್ಲಾಸಿನ ಎಲ್ಲ ಫ್ಲಾಪಿಗಳನ್ನು ಕಾಗದದ ಲಕೋಟೆಯಿಂದ ತೆಗೆದು ಜೋಡಿಸಿದ್ದರು, ಹೊಸ ಡಾಸೂ ಹಳೆಯದೂ ಸೇರಿ ಹದಿನಾಲ್ಕು.

"ನಿನ್ನ ಚೀಲದಾಗಿಂದೂ ತಾರವಾ, ಅದೊಂದ ಯಾಕ ಉಳೀಬೇಕು?"

ಇಟ್ಟರೆ ತಿರುಗಿ ಕೊಡುವುದಿಲ್ಲ ಎಂಬ ಸಂಶಯ ನನಗೆ. "ಅದಕ್ಕ ಪೂಜಿ ಬ್ಯಾಡ್ರಿ ಸರ, ಅದು ದಿನಾ ದುಡೀತೈತಿ" ಅಂದೆ. ಅವರಿಗೆ ಬೇಜಾರಾಯಿತು. ನಾನು ಕೆಳಗೆ ಹೋಗಿ ಅಂಗಡಿಯವರಿಗೆ ಚುರುಮುರಿ ಪ್ರಸಾದ ಹಂಚಿ ಹಾಗೇ ಮನೆಗೆ ನಡೆದೆ.

ಪರೀಕ್ಷೆಯ ದಿನ ಒಂಬತ್ತಕ್ಕೆಲ್ಲ ಹನ್ನೆರಡು ಮಂದಿಯೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ಕೂತಿದ್ದರು. ಮಾರ್ತಾಂಡರಾಯರು ಮೊದಲ ಯಂತ್ರಕ್ಕೆ ಹೊಸ ಡಾಸ್ ತೂರಿಸಿದರು. ಕರಕರ ಸದ್ದು ಬಂತು, ಪರದೆಯ ಮೇಲೆ ಏನೂ ಬರಲಿಲ್ಲ. ಎರಡನೆಯ ಫ್ಲಾಪಿ ತೂರಿಸಿದರು. ಮತ್ತೆ ಕರಕರ. ನಾನು ಸ್ಟೂಲಿನ ಬಳಿ ನಿಂತಿದ್ದೆ, ಕೂತಿರಲಿಲ್ಲ. ಆ ಸದ್ದು ಕೇಳಲಾರದೆ ಹೋಗಿ ಫ್ಲಾಪಿ ಹೊರಗೆ ಎಳೆದು ನೋಡಿದೆ.

ಫ್ಲಾಪಿಯ ಹೊದಿಕೆಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ಒಳಗಿನ ತಟ್ಟೆ ಕಾಣುವುದು ಅಲ್ಲಿ ಮಾತ್ರ. ಯಂತ್ರ ಓದುವುದೂ ಅಲ್ಲೇ. ಬೆರಳು ಸಹ ತಾಗಿಸಬಾರದ ಆ ಜಾಗದಲ್ಲಿ ಅರಿಶಿಣ, ಕುಂಕುಮ, ಅದರ ಮೇಲೆ ಒಂದು ಅಕ್ಷತೆಯ ಕಾಳು, ಎಲ್ಲ ಒಣಗಿ ಗಟ್ಟಿಯಾಗಿ ಕೂತಿತ್ತು. ಹರಿವಾಣದ ಹದಿನಾಲ್ಕನ್ನೂ ತಿರುವಿ ನೋಡಿದೆ. ಒಂದನ್ನೂ ಬಿಟ್ಟಿರಲಿಲ್ಲ.

"ಇದೇನ್ರಿ ಸರ ಇದು?"

"ಅದು ಅದರ ಹಣಿ ಅಂತ ತಿಳಕೊಂಡ್ನೆವಾ," ಅಂದರು. ಹಾಗೇ ಕುಸಿದು ಸ್ಟೂಲಿನ ಮೇಲೆ ಕೂತರು. ಹುಬ್ಬಳ್ಳಿಗೆ ಹೋಗಿ ಬೇರೆ ತರುವುದೆಂದರೆ ಅರ್ಧ ದಿನದ ಮಾತು. ಪರೀಕ್ಷಕರು ಹನ್ನೊಂದಕ್ಕೆ ಬರುವವರಿದ್ದರು.

ಚೀಲ ನನ್ನ ಹೆಗಲಲ್ಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಒಂದು ನಿಮಿಷ ಸುಮ್ಮನೆ ನಿಂತು ಸ್ಟೂಲಿನ ಮೇಲೆ ಕೂತ ಅವರನ್ನು ನೋಡಿದೆ. ಹೊಟ್ಟೆ ತಣ್ಣಗಾಯಿತು. ಆಮೇಲೆ ರಮಜಾನಬಿ ಕಣ್ಣಿಗೆ ಬಿದ್ದಳು. ನಸುಕಿನಲ್ಲೆದ್ದು ಲಕ್ಷ್ಮೇಶ್ವರದಿಂದ ಬಂದ ಹುಡುಗಿ ಉಗುರು ಕಚ್ಚುತ್ತ ಕೂತಿದ್ದಳು. ನಾನು ಚೀಲ ಬಿಚ್ಚಿದೆ.

"ಬೀರುದಾಗ ಖಾಲಿ ಫ್ಲಾಪಿ ಡಬ್ಬಿ ಐತ್ರಿ, ಇನ್ನೂ ಸೀಲ್ ಒಡದಿಲ್ಲ. ನನ್ನ ಫ್ಲಾಪಿ ಕಾಪಿ ಮಾಡ್ತೀನಿ."

ಮಾರ್ತಾಂಡರಾಯರು ತಟ್ಟನೆ ಎದ್ದರು. "ಮಾಡವಾ, ಜಲ್ದಿ ಮಾಡು. ಆ ಕಿರು ಅಷ್ಟು ತಗದು ಮಾಡು. ಈ ಹುಡುಗರಿಗೆ ಅದು ಯಾಕ?"

ಆ ಹೊತ್ತಿನಲ್ಲೂ ಈ ಮಾತು. ನನ್ನ ಕೈ ಅಲ್ಲೇ ನಿಂತಿತು.

"ತಗಿಯಂಗಿಲ್ರಿ. ಬೇಕಂದ್ರ ಇಡೀ ಫ್ಲಾಪಿ, ಇಲ್ಲಾಂದ್ರ ಇಲ್ಲ. ನನ್ನ ಬಿಟ್ಟು ನನ್ನ ಡಾಸ್ ಕೊಡೂದಿಲ್ಲ ನಾನು."

ಹನ್ನೆರಡು ಮಂದಿಯ ಮುಂದೆ ಅವರೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು. "ಆಗಲಿ" ಅಂದರು.

ಮೊದಲ ಯಂತ್ರದ ಬಾಯಿಗೆ ಕುಂಕುಮ ಮೆತ್ತಿದ್ದರಿಂದ ಅದನ್ನು ಮುಟ್ಟಲಿಲ್ಲ. ಉಳಿದ ಎರಡನ್ನು ನನ್ನ ಫ್ಲಾಪಿಯ ಕಾಪಿಗಳಿಂದ ಎಬ್ಬಿಸಿದೆ, ಕಿರು ಸಮೇತ. ಎರಡು ಕೈ ಇದ್ದವರಿಗೆ ಕಿರುವಿನಿಂದ ತೊಂದರೆ ಏನೂ ಇಲ್ಲ, ಒತ್ತಿ ಹಿಡಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಇಬ್ಬಿಬ್ಬರಂತೆ ಹುಡುಗರು ಬಂದು ಕೂತರು. ರಮಜಾನಬಿ ಮಾತ್ರ ಕಂಟ್ರೋಲನ್ನು ಒಂದೇ ಬೆರಳಿನಿಂದ ಟಪ್ಪೆಂದು ಹೊಡೆದು ಬಿಟ್ಟು, ಇನ್ನೊಂದು ಕೈಯಿಂದ ತಲೆಯ ಸೆರಗು ಸರಿಮಾಡಿಕೊಳ್ಳುತ್ತ, ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಅವತ್ತು ಕೈ ತೆಗೆ ಎಂದದ್ದು ಅಲ್ಲಿಗೆ ತೀರಿತು.

ಪರೀಕ್ಷಕರಾಗಿ ಬಂದಿದ್ದವರು ದಪ್ಪ ಕನ್ನಡಕದ ಒಬ್ಬ ಹೆಣ್ಣುಮಗಳು. ಮಾರ್ತಾಂಡರಾಯರು ಬೆವರು ಒರೆಸಿಕೊಳ್ಳುತ್ತ ಅವರ ಹಿಂದೆ ಮುಂದೆ ಸುಳಿದರು. ಕೊನೆಗೆ ತಡೆಯಲಾರದೆ, "ಡಾಸ್ ಹಳೇದ ಅದರೀ, ನಡೀತದಲ್ಲ?" ಎಂದು ಕೇಳಿಯೇಬಿಟ್ಟರು.

"ಯಾವ ಡಾಸಾದ್ರ ನನಗೇನ್ರಿ, ಟೈಪ್ ಮಾಡಿದ ಹಾಳಿ ಕೊಡ್ರಿ" ಎಂದು ಆಕೆ ಕೆಂಪು ಪೆನ್ನಿನ ಟೋಪಿ ತೆಗೆದರು. ಹನ್ನೊಂದು ಮಂದಿ ಪಾಸಾದರು. ಉಳಿದ ಒಬ್ಬ ಹಳೆಯದರಲ್ಲೂ ಹೊಸದರಲ್ಲೂ ಫೇಲಾಗುವವನೇ.

ಎಂಟು ದಿನ ಬಿಟ್ಟು ತಿರಕಪ್ಪ ಹೊಸ ಡಾಸಿನ ಇನ್ನೊಂದು ಕಟ್ಟು ಹಿಡಿದು ಬಂದ. ಒಂದನೆಯ ಮತ್ತು ಎರಡನೆಯ ಯಂತ್ರಕ್ಕೆ ಅದು ಇರಲಿ ಎಂದು ನಾನೇ ಹೇಳಿದೆ. ಮುಂದೆ ಎಲ್ಲಿ ಕೆಲಸಕ್ಕೆ ಹೋದರೂ ಹುಡುಗರಿಗೆ ಅದೂ ಬರಬೇಕಲ್ಲ, ಬಾಯಿಯಿಂದ ಹೇಳಿ ಕಲಿಸುವುದಕ್ಕೆ ನನಗೆ ಕೈ ಬೇಕಿಲ್ಲ. ಮೂರನೆಯದನ್ನು ಮುಟ್ಟಗೊಡಲಿಲ್ಲ. ಯಾರೂ ಅಳಿಸಿ ಬರೆಯದಂತೆ ನನ್ನ ಫ್ಲಾಪಿಯ ಅಂಚಿನ ಸೀಳಿಗೆ ಅವರಿಬ್ಬರ ಎದುರಿಗೇ ಚೀಟಿ ಅಂಟಿಸಿ, ತೂರಿಸಿ, ಕುರ್ಚಿಯಲ್ಲಿ ಕೂತೆ.

ಮಾರ್ತಾಂಡರಾಯರು ಬಾಗಿಲ ಬಳಿಯ ಸ್ಟೂಲನ್ನು ಎಳೆದು ತಂದು ತಿರಕಪ್ಪನ ಮುಂದಿಟ್ಟು, "ಕೂಡ್ರಿ" ಅಂದರು. ಅವನು ಕೂತ, ಟೈ ಸರಿಮಾಡಿಕೊಂಡ, ನನ್ನ ಪರದೆಯ ಕಡೆ ಬಗ್ಗಿ ನೋಡಿದ.

"ಇನ್ನೂ ಎಷ್ಟ ದಿನಾ ಅಂತ ಈ ಹಳೇದನ್ನ ಹಿಡಕೊಂಡು ಕುಂಡ್ರಾಕಿ ನೀನು?"

ನಾನು ಕಂಟ್ರೋಲ್ ಒತ್ತಿ ಬಿಟ್ಟೆ, ಪಿ ಒತ್ತಿದೆ.

"ನನ್ನ ಎಡಗೈ ಬೆಳಿಯೋ ತನಕ್ರಿ" ಅಂದೆ.